ಎಂಟನೇ ಬಿ ತರಗತಿಯ ಕೊನೆಯ ಪೀರಿಯಡ್

ಟೈಂಟೇಬಲ್ ಮೇಷ್ಟ್ರ ಆ ದಿನದ ಕಷ್ಟಕ್ಕೆಲ್ಲ ಮೂಲ ಒಂದು ಹಲ್ಲಿ. ರಜೆಯಲ್ಲಿ ಅದು ಶಾಲೆಯ ಆಫೀಸಿನ ಕಂಪ್ಯೂಟರಿನೊಳಗೆ ಹೊಕ್ಕು, ಎರಡು ತಂತಿಗಳ ನಡುವೆ ಸಿಕ್ಕಿಕೊಂಡು ಪ್ರಾಣ ಬಿಟ್ಟಿತು. ಹೋಗುವಾಗ ಕಂಪ್ಯೂಟರನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಹೆಡ್‌ಮೇಡಂ ಸತ್ತ ಕಂಪ್ಯೂಟರನ್ನು ಉಗ್ರಾಣಕ್ಕೆ ಹಾಕಿಸಿ ಹೊಸದನ್ನು ತರಿಸಿದರು. ಹಳೆಯದರಲ್ಲಿದ್ದುದೆಲ್ಲ ಹೊಸದಕ್ಕೆ ಬಂತು. ಬರಲೊಲ್ಲೆ ಎಂದು ಹಟ ಹಿಡಿದದ್ದು ಟೈಂಟೇಬಲ್ ಮಾಡುವ ಸಾಫ್ಟ್‌ವೇರ್ ಒಂದೇ.

ಮೇಷ್ಟ್ರು ಕಲಿಸುತ್ತಿದ್ದದ್ದು ಲೆಕ್ಕ. ಆದರೆ ಇಪ್ಪತ್ತೆರಡು ವರ್ಷಗಳಿಂದ ಶಾಲೆಯ ವೇಳಾಪಟ್ಟಿಯ ಹೊರೆ ಅವರ ತಲೆಯ ಮೇಲೇ ಇದ್ದುದರಿಂದ ಎಲ್ಲರ ಬಾಯಲ್ಲೂ ಅವರು ಟೈಂಟೇಬಲ್ ಮೇಷ್ಟ್ರು. ಇಪ್ಪತ್ತಾರು ಜನ ಶಿಕ್ಷಕರು, ಹದಿನಾಲ್ಕು ತರಗತಿ, ದಿನಕ್ಕೆ ಎಂಟು ಪೀರಿಯಡ್. ಮೊದಲೆಲ್ಲ ದೊಡ್ಡ ರಟ್ಟಿನ ಮೇಲೆ ಬಣ್ಣದ ಚೀಟಿ ಜೋಡಿಸಿ ಹದಿನೈದು ದಿನ ಒದ್ದಾಡುತ್ತಿದ್ದರು. ಒಂದು ವರ್ಷ ಡ್ರಿಲ್ ಮೇಷ್ಟ್ರು ಪಕ್ಕದಲ್ಲಿ ನಿಂತು ಸೀನಿದ್ದರಿಂದ ಆರನೇ ತರಗತಿಯ ಭೂಗೋಳ ಹೋಗಿ ಮೇಜಿನ ಕೆಳಗೆ ಬಿದ್ದಿತ್ತು. ಅದು ಸಿಕ್ಕಿದ್ದು ಮುಂದಿನ ವರ್ಷ, ಕಸ ಗುಡಿಸುವಾಗ.

ಐದು ವರ್ಷದ ಹಿಂದೆ ಮೇಷ್ಟ್ರು ಹಟ ಹಿಡಿದು ಈ ಸಾಫ್ಟ್‌ವೇರ್ ಕೊಡಿಸಿಕೊಂಡಿದ್ದರು. ಒಂದು ಲೈಸೆನ್ಸ್, ಒಂದೇ ಕಂಪ್ಯೂಟರ್. "ಸುಮ್ನೆ ಯಾಕೆ ದಂಡ ಸಾರ್? ಪೆನ್‌ಡ್ರೈವಲ್ಲಿ ಬಿಟ್ಟಿ ತಂದುಕೊಡ್ತೀನಿ" ಎಂದು ಡ್ರಿಲ್ ಮೇಷ್ಟ್ರು ಆಗಲೇ ಹೇಳಿದ್ದರು. ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಹುಡುಗರನ್ನು ಹಿಡಿಯುವುದರಲ್ಲಿ ಎತ್ತಿದ ಕೈ ಎನಿಸಿದ್ದ ನಮ್ಮ ಮೇಷ್ಟ್ರು, "ನಾನೇ ಕಾಪಿ ಹೊಡೆದ್ರೆ ನಾಳೆ ಅವರ ಮುಖ ಹೆಂಗೆ ನೋಡ್ಲಿ?" ಎಂದು ಒಪ್ಪಿರಲಿಲ್ಲ.

ಇಷ್ಟು ವರ್ಷ ಎಲ್ಲರ ಅನುಕೂಲ ನೋಡಿದ ಮೇಷ್ಟ್ರು ತಮಗೆಂದು ಒಂದು ಪೀರಿಯಡ್ಡನ್ನೂ ಇಟ್ಟುಕೊಂಡವರಲ್ಲ. ಈ ವರ್ಷ ಮಾತ್ರ ಒಂದು ಆಸೆಯಿತ್ತು: ಕೊನೆಯ ಪೀರಿಯಡ್ ಬಿಡುವಾಗಿರಬೇಕು. ಅವರ ಎಂಟು ವರ್ಷದ ಮಗಳ ಶಾಲೆ ಐದು ನಿಮಿಷದ ದಾರಿ. ಅದು ಮೂರೂವರೆಗೆ ಬಿಡುತ್ತದೆ, ಇವರದು ನಾಲ್ಕೂವರೆಗೆ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಮನೆಗೆ ಬರುವುದು ಏಳಕ್ಕೆ. ಇವರು ಬರುವ ತನಕ ಹುಡುಗಿ ತನ್ನ ಶಾಲೆಯ ಮೆಟ್ಟಿಲ ಮೇಲೆ ಒಬ್ಬಳೇ ಕೂತಿರುತ್ತಿದ್ದಳು. ರಜೆಗೆ ಮುಂಚೆ ಒಂದು ಸಂಜೆ ಅವಳು, "ಅಪ್ಪ, ನಮ್ಮ ಗೇಟಿಗೆ ಎಷ್ಟು ಸರಳಿವೆ ಹೇಳು" ಎಂದು ಕೇಳಿ, ಇವರು ಬಾಯಿ ತೆರೆಯುವ ಮೊದಲೇ "ನಲವತ್ತೊಂದು" ಎಂದಿದ್ದಳು. ಆ ರಾತ್ರಿ ಮೇಷ್ಟ್ರಿಗೆ ಊಟ ಸೇರಲಿಲ್ಲ. ಹೆಡ್‌ಮೇಡಂ ಹತ್ತಿರ ಕೇಳಿದರೆ, "ನಿಮ್ಮ ಪೀರಿಯಡ್ ಇಲ್ಲದಿದ್ರೆ ಧಾರಾಳವಾಗಿ ಹೋಗಿ" ಎಂದರು. ಟೈಂಟೇಬಲ್ ಮಾಡುವವರು ಯಾರು? ತಾವೇ. ಆ ಬೆಳಿಗ್ಗೆ ಮಗಳಿಗೆ, "ನಾಳೆಯಿಂದ ಬೇಗ ಬಂದು ಕರ್ಕೊಂಡು ಹೋಗ್ತೀನಿ" ಎಂದು ಮಾತು ಕೊಟ್ಟೇ ಮನೆ ಬಿಟ್ಟಿದ್ದರು.

ಮಗಳ ಶಾಲೆ ಅಂದೇ ಶುರುವಾಗಿತ್ತು; ಇವರದು ಶುರುವಾಗುವುದು ಮರುದಿನ. ಸಂಜೆ ನಾಲ್ಕಕ್ಕೆ ಶಿಕ್ಷಕರ ಸಭೆಯಲ್ಲಿ ವೇಳಾಪಟ್ಟಿ ಹಂಚಬೇಕು. ಒಂಬತ್ತೂವರೆಗೆ ಮೇಷ್ಟ್ರು ಸಾಫ್ಟ್‌ವೇರ್ ತೆರೆದರು. ಪರದೆಯ ಮೇಲೆ ಬಂತು: "ಇದು ನಿಮ್ಮ ಕಂಪ್ಯೂಟರ್ ಅಲ್ಲ."

"ನಮ್ಮದೇ ಕಣಪ್ಪ" ಎಂದು ಮೇಷ್ಟ್ರು ಅದಕ್ಕೆ ಹೇಳಿದರು. ಲೈಸೆನ್ಸಿನ ಕಾಗದ ತೆಗೆದು ಇಪ್ಪತ್ತೈದು ಅಕ್ಷರದ ಕೀಲಿಯನ್ನು ಬೆರಳಿಟ್ಟು ಬೆರಳಿಟ್ಟು ಹೊಡೆದರು. "ಈ ಕೀಲಿ ಬೇರೆ ಕಂಪ್ಯೂಟರಿನಲ್ಲಿ ಬಳಕೆಯಲ್ಲಿದೆ. ಫೋನ್ ಮಾಡಿ" ಎಂಬ ಉತ್ತರ ಬಂತು.

ಆಫೀಸಿನಲ್ಲಿ ಏನೋ ಕೆಟ್ಟಿದೆ ಎಂಬ ಸುದ್ದಿ ಸ್ಟಾಫ್ ರೂಮಿಗೆ ತಲುಪಲು ಎಷ್ಟು ಹೊತ್ತು? ಮೊದಲು ಬಂದದ್ದು ಡ್ರಿಲ್ ಮೇಷ್ಟ್ರು. ಹಿಂದೆಯೇ ವಿಜ್ಞಾನದ ಮೇಡಂ. ಅವರ ಹಿಂದೆ, ಯಾರೂ ಕರೆಯದೆ ಎಲ್ಲ ಕಡೆಗೂ ಬರುವ ಪಂಡಿತರು, ಅಂದರೆ ಭಾಷೆಯ ಮೇಷ್ಟ್ರು. ಮೂವರೂ ಸಹಾಯಕ್ಕೇ ಬಂದವರು, ಸುಳ್ಳಲ್ಲ. ಆದರೆ ಬರುವಾಗ ಒಂದೊಂದು ಬೇಡಿಕೆಯನ್ನೂ ತಂದಿದ್ದರು.

"ಹೆಂಗೂ ಹೊಸದಾಗಿ ಮಾಡ್ತಿದೀರಲ್ಲ, ನನಗೆ ಮೊದಲನೇ ಪೀರಿಯಡ್ ಬೇಡ ಸಾರ್. ಬಸ್ಸು ಸಿಗಲ್ಲ" ಎಂದರು ವಿಜ್ಞಾನದ ಮೇಡಂ.

"ನನಗೆ ಊಟ ಆದ ಮೇಲಿಂದು ಬೇಡ" ಎಂದರು ಪಂಡಿತರು. "ಕಣ್ಣು ಎಳೀತದೆ. ಹುಡುಗರಿಗೆ ಎಳೆದ್ರೆ ಎಬ್ಬಿಸಬಹುದು, ನನಗೆ ಎಳೆದ್ರೆ ಯಾರು ಎಬ್ಬಿಸ್ತಾರೆ?"

"ಆಟದ ಪೀರಿಯಡ್ ಎಲ್ಲಾ ಬೆಳಿಗ್ಗೆ ಹಾಕ್ಬಿಡಿ, ಬಿಸಿಲು ತಡೆಯೋಕಾಗಲ್ಲ" ಎಂದರು ಡ್ರಿಲ್ ಮೇಷ್ಟ್ರು.

"ಮೊದಲು ಇದು ಬಾಗಿಲು ತೆಗೀಲಿ ಕಣ್ರಪ್ಪ" ಎಂದು ಮೇಷ್ಟ್ರು ಫೋನ್ ಹಚ್ಚಿದರು.

ಫೋನಿನಲ್ಲಿ ಮಾತಾಡಿದ್ದು ಒಂದು ಯಂತ್ರ; ದನಿ ಮಾತ್ರ ಹೆಂಗಸಿನದು, ಬಹಳ ಮರ್ಯಾದೆಯದು. ಪರದೆಯ ಮೇಲಿರುವ ಐವತ್ತನಾಲ್ಕು ಅಂಕಿಗಳನ್ನು ಒತ್ತಬೇಕು ಎಂದಿತು. ಪಂಡಿತರು ಉಕ್ತಲೇಖನ ಹೇಳುವವರ ಹಾಗೆ ಒಂದೊಂದು ಅಂಕಿಯನ್ನೂ ಎರಡೆರಡು ಸಲ ಹೇಳಿದರು. ಮೇಷ್ಟ್ರು ಎರಡೆರಡು ಸಲವೂ ಒತ್ತಿದರು. ಯಂತ್ರ ಕ್ಷಮೆ ಕೇಳಿ ಮತ್ತೆ ಮೊದಲಿಂದ ಎಂದಿತು. ಎರಡನೆಯ ಸಲ ನಲವತ್ತೆಂಟನೇ ಅಂಕಿಯ ಹೊತ್ತಿಗೆ ಹೆಡ್‌ಮೇಡಂ ಬಾಗಿಲಲ್ಲಿ ನಿಂತು, "ಗಂಟೆ ಎಷ್ಟಾಯ್ತು?" ಎಂದರು. "ಹನ್ನೊಂದು" ಎಂದರು ವಿಜ್ಞಾನದ ಮೇಡಂ. ಮೇಷ್ಟ್ರ ಬೆರಳು ಒಂದು, ಒಂದು ಎಂದು ಒತ್ತಿಯೂ ಆಗಿತ್ತು.

ಮೂರನೆಯ ಸಲ ಎಲ್ಲರ ಬಾಯಿ ಮುಚ್ಚಿಸಿ, ಬೆವರು ಒರೆಸಿಕೊಳ್ಳುತ್ತ ಐವತ್ತನಾಲ್ಕನ್ನೂ ಸರಿಯಾಗಿ ಒತ್ತಿದರು. ಯಂತ್ರ ಸಂತೋಷಪಟ್ಟಿತು. "ಕೊನೆಯ ಪ್ರಶ್ನೆ. ಈ ಸಾಫ್ಟ್‌ವೇರನ್ನು ಎಷ್ಟು ಕಂಪ್ಯೂಟರುಗಳಲ್ಲಿ ಹಾಕಿದ್ದೀರಿ?"

"ಒಂದು ಅಂತ ಒತ್ತಿ" ಎಂದು ಮೂವರೂ ಒಟ್ಟಿಗೆ ಪಿಸುಗುಟ್ಟಿದರು.

ಮೇಷ್ಟ್ರ ಬೆರಳು ಒಂದರ ಮೇಲೆ ಹೋಗಿ ನಿಂತಿತು. ಉಗ್ರಾಣದಲ್ಲಿ ಇನ್ನೊಂದು ಇದೆಯಲ್ಲ? ಸತ್ತಿದೆ, ನಿಜ. ಆದರೆ ಕೇಳಿದ್ದು ಎಷ್ಟರಲ್ಲಿ ಹಾಕಿದ್ದೀರಿ ಎಂದೇ ಹೊರತು ಎಷ್ಟು ಉಸಿರಾಡುತ್ತಿವೆ ಎಂದಲ್ಲ. ಇಪ್ಪತ್ತೆರಡು ವರ್ಷ ಲೆಕ್ಕ ಕಲಿಸಿದ ಬೆರಳು ಪಕ್ಕಕ್ಕೆ ಸರಿದು ಎರಡನ್ನು ಒತ್ತಿತು.

"ಕ್ಷಮಿಸಿ, ನಿಮ್ಮ ಕೋರಿಕೆ ತಿರಸ್ಕೃತವಾಗಿದೆ" ಎಂದಿತು ಮರ್ಯಾದೆಯ ದನಿ.

"ನಿಮ್ಮಂಥೋರಿಗೆ ಇವತ್ತಿನ ಕಾಲ ಅಲ್ಲ ಬಿಡಿ ಸಾರ್" ಎಂದು ಡ್ರಿಲ್ ಮೇಷ್ಟ್ರು ಹಣೆ ಚಚ್ಚಿಕೊಂಡರು.

ಮುಕ್ಕಾಲು ಗಂಟೆ ಕಾದ ಮೇಲೆ ನಿಜವಾದ ಮನುಷ್ಯನೊಬ್ಬ ಸಿಕ್ಕಿದ. ಎಲ್ಲ ಕೇಳಿಕೊಂಡು, "ಕೊಂಡಿದ್ದರ ರಸೀದಿ ಕಳಿಸಿ. ನಮ್ಮ ಮೇಲಿನವರು ನೋಡಿ ಸಂಜೆಯೊಳಗೆ ಉತ್ತರ ಕೊಡ್ತಾರೆ" ಎಂದ. ಸಂಜೆ ಎಂದರೆ ಎಷ್ಟು ಗಂಟೆ ಎಂದು ಮೇಷ್ಟ್ರು ಕೇಳುವಷ್ಟರಲ್ಲಿ ಫೋನ್ ಕಟ್ಟಾಗಿತ್ತು. ರಸೀದಿ ಹುಡುಕಿ ಕಳಿಸಿದರು. ಒಂದು ಗಂಟೆಯಾಯಿತು, ಎರಡಾಯಿತು. ಉತ್ತರವಿಲ್ಲ. ಮೇಷ್ಟ್ರು ಹಳೆಯ ರಟ್ಟನ್ನು ತರಿಸಿ ಚೀಟಿ ಕತ್ತರಿಸಲು ಕೂತರು. ಹದಿನೈದು ದಿನದ ಕೆಲಸ ಎರಡು ಗಂಟೆಯಲ್ಲಿ ಆಗುವುದಿಲ್ಲ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಹೆಡ್‌ಮೇಡಂ ಬಂದು, "ಆಗದಿದ್ರೆ ಹೋದ ವರ್ಷದ್ದೇ ಇರಲಿ ಬಿಡಿ ಮೇಷ್ಟ್ರೇ" ಎಂದರು. ಹೋದ ವರ್ಷದ್ದರಲ್ಲಿ ವಾರದ ಐದೂ ದಿನ ಕೊನೆಯ ಪೀರಿಯಡ್ ಮೇಷ್ಟ್ರದೇ.

ಎರಡೂಕಾಲಿಗೆ ಡ್ರಿಲ್ ಮೇಷ್ಟ್ರು ಪೆನ್‌ಡ್ರೈವ್ ತಂದು ಮೇಜಿನ ಮೇಲಿಟ್ಟರು.

"ಬೇಡ" ಎಂದರು ಮೇಷ್ಟ್ರು.

"ದುಡ್ಡು ಕೊಟ್ಟು ಕೊಂಡಿದೀರಿ ತಾನೆ? ನಿಮ್ಮ ಮನೆಗೆ ನೀವು ಕಿಟಕಿಯಿಂದ ಹೋದ್ರೆ ಅದು ಕಳ್ಳತನವಾ?"

ಮಾತು ಸರಿ ಅನ್ನಿಸಿತು. ತಪ್ಪು ಮಾಡಲು ಹೊರಟವನಿಗೆ ಎಲ್ಲ ಮಾತೂ ಸರಿ ಅನ್ನಿಸುತ್ತದೆ. ಮೇಷ್ಟ್ರು ಬಾಗಿಲು ಮುಂದೆ ಮಾಡಿ ಬಂದು ಪೆನ್‌ಡ್ರೈವ್ ಚುಚ್ಚಿದರು.

ಆಹಾ, ಎಂಥ ಮರ್ಯಾದೆ ಅದರದು! ಕೀಲಿ ಕೇಳಲಿಲ್ಲ, ಅಂಕಿ ಕೇಳಲಿಲ್ಲ, ನೀನು ಯಾರು ಎಂದೂ ಕೇಳಲಿಲ್ಲ. ಹಳೆಯ ಫೈಲನ್ನು ತೆರೆದುಕೊಂಡು ತಯಾರಾಗಿ ನಿಂತಿತು. ದುಡ್ಡು ಕೊಟ್ಟವನನ್ನು ಬೆಳಿಗ್ಗೆಯಿಂದ ಬೀದಿಯಲ್ಲಿ ನಿಲ್ಲಿಸಿದ್ದು, ಕದ್ದವನಿಗೆ ಮಣೆ ಹಾಕಿತಲ್ಲ ಎಂದು ಮೇಷ್ಟ್ರಿಗೆ ಸಿಟ್ಟೂ ಬಂತು, ನಗುವೂ ಬಂತು. ಎಲ್ಲರ ಬೇಡಿಕೆಗಳನ್ನೂ ತುಂಬಿಸಿದರು. ಕೊನೆಯಲ್ಲಿ, ಯಾರಾದರೂ ನೋಡುತ್ತಿದ್ದಾರೇನೋ ಎಂಬಂತೆ ಸುತ್ತ ನೋಡಿ, ತಮ್ಮ ಹೆಸರಿನ ಮುಂದೆ ‘ಕೊನೆಯ ಪೀರಿಯಡ್ ಬಿಡುವು’ ಎಂದು ಹಾಕಿ ಗುಂಡಿ ಒತ್ತಿದರು.

ಬೇರೆ ವರ್ಷವಾದರೆ ಸಾಫ್ಟ್‌ವೇರ್ ಹತ್ತು ಸಲ ಗೊಣಗುತ್ತಿತ್ತು: ಇವರಿಗೆ ಕೊಟ್ಟರೆ ಅವರಿಗಿಲ್ಲ, ಅಲ್ಲಿ ತುಂಬಿದರೆ ಇಲ್ಲಿ ಖಾಲಿ. ಈ ಸಲ ಒಂದೇ ನಿಮಿಷ. ತಪ್ಪುಗಳು: ಸೊನ್ನೆ. ಮೇಡಂಗೆ ಮೊದಲ ಪೀರಿಯಡ್ ಇಲ್ಲ, ಪಂಡಿತರಿಗೆ ಊಟದ ನಂತರದ್ದಿಲ್ಲ, ಆಟವೆಲ್ಲ ಬೆಳಿಗ್ಗೆ, ಮೇಷ್ಟ್ರ ಕೊನೆಯ ಪೀರಿಯಡ್ ಐದೂ ದಿನ ಖಾಲಿ. ಮೇಷ್ಟ್ರು ಇಪ್ಪತ್ತಾರು ಜನರ ಹಾಳೆಗಳನ್ನೂ ಮುದ್ರಿಸಿಕೊಂಡರು. ಎಲ್ಲರನ್ನೂ ಮೆಚ್ಚಿಸಿದ ಟೈಂಟೇಬಲ್ ಲೋಕದಲ್ಲೇ ಇಲ್ಲ ಎಂಬುದು ಆಗ ಅವರಿಗೆ ನೆನಪಾಗಬೇಕಿತ್ತು.

ನಾಲ್ಕಕ್ಕೆ ಸಭೆ. ಇಪ್ಪತ್ತಾರು ಜನರೂ ತಮ್ಮ ತಮ್ಮ ಹಾಳೆ ನೋಡಿಕೊಂಡು ನಗುನಗುತ್ತ ಸಹಿ ಹಾಕಿದರು. ಎಲ್ಲರ ಸಹಿ ಬಿದ್ದ ಮೇಲೆ ಒಂದು ಪೀರಿಯಡ್ ಕದಲಿಸಬೇಕಾದರೂ ಆ ಇಪ್ಪತ್ತಾರು ಜನರೂ ಒಪ್ಪಬೇಕು. ಅದು ಆ ಶಾಲೆಯ ಕಟ್ಟಳೆ. ಪಂಡಿತರು ಎದ್ದು ನಿಂತು ಮೇಷ್ಟ್ರನ್ನು ಹೊಗಳಿ ನಾಲ್ಕು ಮಾತಾಡಿದರು. ಡ್ರಿಲ್ ಮೇಷ್ಟ್ರು ಕಣ್ಣು ಮಿಟುಕಿಸಿದರು.

ನಾಲ್ಕೂ ಹತ್ತಕ್ಕೆ ಮೇಷ್ಟ್ರು ಆಫೀಸಿಗೆ ಬಂದರೆ ಕಂಪನಿಯ ಉತ್ತರ ಬಂದು ಕೂತಿತ್ತು. "ಎರಡು ಕಂಪ್ಯೂಟರುಗಳೆಂದು ನಿಜ ಹೇಳಿದ್ದಕ್ಕೆ ಧನ್ಯವಾದ. ಹಳೆಯದನ್ನು ರದ್ದು ಮಾಡಿದ್ದೇವೆ, ಹೊಸ ಕೀಲಿ ಇಲ್ಲಿದೆ. ದಯವಿಟ್ಟು ಕಳ್ಳ ಪ್ರತಿಗಳನ್ನು ಬಳಸಬೇಡಿ. ಅವು ತಪ್ಪು ಮಾಡಿ, ತಪ್ಪಿಲ್ಲ ಎಂದು ತೋರಿಸುವಂತೆ ನಾವೇ ಏರ್ಪಾಡು ಮಾಡಿದ್ದೇವೆ."

ಕೊನೆಯ ಸಾಲನ್ನು ಮೇಷ್ಟ್ರು ಮೂರು ಸಲ ಓದಿದರು. ಓದುತ್ತಿರುವಾಗಲೇ ತರಗತಿಗಳಲ್ಲಿ ಅಂಟಿಸುವ ಹಾಳೆಗಳನ್ನು ಹಿಡಿದು ಹೆಡ್‌ಮೇಡಂ ಬಂದರು.

"ಮೇಷ್ಟ್ರೇ, ಎಂಟನೇ ಬಿ ಹಾಳೇಲಿ ಐದೂ ದಿನ ಕೊನೇ ಪೀರಿಯಡ್ ಲೆಕ್ಕ ಅಂತಿದೆ. ಲೆಕ್ಕ ಅಂದ್ರೆ ನೀವೇ ಅಲ್ವಾ? ನಿಮ್ಮ ಹಾಳೇಲಿ ನೋಡಿದ್ರೆ ಬಿಡುವು ಅಂತಿದೆ."

ಮೇಷ್ಟ್ರಿಗೆ ಎಲ್ಲ ಅರ್ಥವಾಯಿತು. ಕಳ್ಳ ಪ್ರತಿ ಎಲ್ಲರ ಅನುಕೂಲದ ಕಸವನ್ನೂ ಗುಡಿಸಿ ಎಂಟನೇ ಬಿಯ ಕೊನೆಯ ಪೀರಿಯಡ್ಡಿಗೆ ತಳ್ಳಿ, ಮೇಲೆ ಬಟ್ಟೆ ಮುಚ್ಚಿತ್ತು.

ಕೂಡಲೇ ಹೊಸ ಕೀಲಿ ಹೊಡೆದರು. ಅಸಲಿ ಸಾಫ್ಟ್‌ವೇರ್ ತೆರೆಯಿತು. ಗೊಣಗುತ್ತ, ತಕರಾರು ಮಾಡುತ್ತ, ಕೊನೆಗೂ ಒಂದು ದಾರಿ ತೋರಿಸಿತು: ಮೇಡಂ ವಾರಕ್ಕೆ ಎರಡು ದಿನ ಬೇಗ ಬಂದು, ಪಂಡಿತರು ಎರಡು ದಿನ ಊಟದ ಮೇಲೆ ಎಚ್ಚರವಿದ್ದು, ಡ್ರಿಲ್ ಮೇಷ್ಟ್ರು ಒಂದು ದಿನ ಬಿಸಿಲಿಗೆ ನಿಂತರೆ ಎಲ್ಲ ಸರಿಹೋಗುತ್ತದೆ. ಬೆಳಿಗ್ಗೆಯೇ ಆಗಿದ್ದರೆ ಇದೇ ಆಗುತ್ತಿತ್ತು, ಯಾರೂ ಮಾತಾಡುತ್ತಿರಲಿಲ್ಲ. ಇನ್ನೆರಡು ಗಂಟೆ ತಡೆದುಕೊಂಡಿದ್ದರೆ, ಸಭೆಯನ್ನು ನಾಳೆಗೆ ಹಾಕಿ ಎಂದು ಬಾಯಿಬಿಟ್ಟು ಕೇಳಿದ್ದರೆ, ಎಂದು ಮೇಷ್ಟ್ರು ಕೈ ಕೈ ಹಿಸುಕಿಕೊಂಡರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆದರೂ ಹೋಗಿ ಕೇಳಿದರು. ಮೇಡಂ ಬಸ್ಸಿನ ಕತೆ ಹೇಳಿದರು. ಪಂಡಿತರು, "ಸಹಿ ಅಂದ್ರೆ ಸಹಿ" ಎಂದರು. ಡ್ರಿಲ್ ಮೇಷ್ಟ್ರು ಮಾತ್ರ ಬಹಳ ನೊಂದುಕೊಂಡು, "ಇಷ್ಟು ಸಹಾಯ ಮಾಡಿದೋನಿಗೆ ಬಿಸಿಲಾ ಸಾರ್?" ಎಂದರು. ಹೆಡ್‌ಮೇಡಂ ಪೆನ್ನು ತೆಗೆದು ಮೇಷ್ಟ್ರ ಹಾಳೆಯಲ್ಲಿ ಐದೂ ಕಡೆ ‘ಬಿಡುವು’ ಹೊಡೆದುಹಾಕಿ ‘ಎಂಟನೇ ಬಿ’ ಎಂದು ಬರೆದರು.

ಮೇಷ್ಟ್ರು ಮಗಳ ಶಾಲೆ ತಲುಪಿದಾಗ ಐದಕ್ಕೆ ಹತ್ತು ನಿಮಿಷ. ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ನಾಳೆಯಿಂದ ಬೇಗ ಬರ್ತೀಯಲ್ಲ ಅಪ್ಪ?"

ಮೇಷ್ಟ್ರು ಅವಳ ಪಕ್ಕ ಮೆಟ್ಟಿಲ ಮೇಲೆ ಕೂತರು. "ಇಲ್ಲ ಪುಟ್ಟಿ. ಈ ವರ್ಷ ಆಗಲ್ಲ."

"ಯಾಕೆ?"

ಬಸ್ಸು, ಹೆಡ್‌ಮೇಡಂ, ಹಲ್ಲಿ, ಯಾರ ಮೇಲಾದರೂ ಹಾಕಬಹುದಿತ್ತು. ಅವಳ ಮುಖ ನೋಡಿ ಮನಸ್ಸು ಬರಲಿಲ್ಲ. "ನಾನು ಕಾಪಿ ಹೊಡೆದೆ" ಎಂದರು.

ಹುಡುಗಿ ಅವರತ್ತ ತಿರುಗಿದಳು. "ಸಿಕ್ಕಿಬಿದ್ಯಾ?"

"ಇಲ್ಲ. ಉತ್ತರ ತಪ್ಪಾಯ್ತು."

"ಯಾರದ್ದು ನೋಡಿ ಹೊಡೆದೆ?"

"ಡ್ರಿಲ್ ಮೇಷ್ಟ್ರದ್ದು."

"ಅಯ್ಯೋ ಅಪ್ಪ" ಎಂದಳು ಅವಳು, ಬಹಳ ಬೇಸರದಿಂದ. "ಡ್ರಿಲ್ ಮೇಷ್ಟ್ರದ್ದು ನೋಡಿ ಯಾರಾದ್ರೂ ಲೆಕ್ಕ ಮಾಡ್ತಾರಾ?"

ಮೇಷ್ಟ್ರು ಅವಳ ಚೀಲವನ್ನು ತಮ್ಮ ಹೆಗಲಿಗೆ ಹಾಕಿಕೊಂಡು ಎದ್ದರು.