ಬೆಳಕಿನ ಬಣ್ಣಗಳ ಓಟದ ಪಂದ್ಯ

ತನಗೇ ಸರಿಯಾಗಿ ಅರ್ಥವಾಗದ್ದನ್ನು ಇನ್ನೊಬ್ಬರಿಗೆ ಅರ್ಥ ಮಾಡಿಸಿ ಸಂಬಳ ಪಡೆಯುವ ಕಲೆಯಲ್ಲಿ ನಾನು ಪಳಗಿದವನು. ಹೊನ್ನಾವರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಕುಮಟಾದ ವಿಚಾರಗೋಷ್ಠಿಯಲ್ಲಿ ನಾನು ಮಾತಾಡಬೇಕೆಂದು ಪ್ರಾಚಾರ್ಯರ ಅಪ್ಪಣೆಯಾಯಿತು. ವಿಷಯವನ್ನೂ ಅವರೇ ಆರಿಸಿದ್ದರು: ಬೆಳಕಿನಲ್ಲಿರುವ ಬಣ್ಣಗಳನ್ನು ಆ ಕ್ಷಣದಲ್ಲೇ ವಿಂಗಡಿಸಿ ಅಳೆಯುವ ಹೊಸ ವಿಧಾನ. ಪಟ್ಟಕವಾದರೆ ನನಗೆ ಗೊತ್ತು, ಬಿಸಿಲಿಗೆ ಹಿಡಿದರೆ ಗೋಡೆಯ ಮೇಲೆ ಕಾಮನಬಿಲ್ಲು ಬೀಳುತ್ತದೆ. ಇಲ್ಲಿ ಪಟ್ಟಕವೇ ಇಲ್ಲ, ಮೈಲುಗಟ್ಟಲೆ ಉದ್ದದ, ಕೂದಲೆಳೆಯಂಥ ಗಾಜಿನ ತಂತು. ಅದರೊಳಗೆ ಬೆಳಕನ್ನು ತುಣುಕು ತುಣುಕಾಗಿ, ಒಂದರ ಹಿಂದೊಂದು ಬಿಡುತ್ತಾರೆ.

ಹೆಂಡತಿ ಶಾರದೆಯನ್ನು ಕೂರಿಸಿಕೊಂಡು ಅಭ್ಯಾಸ ಮಾಡಿದೆ. ಅವಳು ಹೊಳೆಯಾಚೆಯ ಕಾಸರಕೋಡಿನ ಪ್ರಾಥಮಿಕ ಶಾಲೆಯಲ್ಲಿ ಟೀಚರು. ನಾನು ‘ವರ್ಣವಿಭಜನೆ’ ಎನ್ನುತ್ತ ಅರ್ಧ ಗಂಟೆ ಬೆವರಿದೆ. ಅವಳು ಬಸಳೆ ಸೊಪ್ಪು ಬಿಡಿಸುತ್ತಲೇ ಇದ್ದಳು.

“ಅಂದ್ರೆ ಓಟದ ಪಂದ್ಯ, ಅಲ್ವ?” ಎಂದಳು.

“ಎಂತ ಓಟ?” ನನಗೆ ರೇಗಿತು.

“ಬಣ್ಣ ಎಲ್ಲ ಒಟ್ಟಿಗೇ ಹೊರಡೂದು. ಕೆಂಪು ಜೋರು ಓಡ್ತದೆ, ನೀಲಿ ಹಿಂದೆ ಬೀಳ್ತದೆ. ಹತ್ತು ಮಾರು ಓಡಿದ್ರೆ ಎಲ್ಲ ಒಂದೇ ಗುಂಪು, ಅದಕ್ಕೇ ನಿಮ್ಮ ತಂತು ಅಷ್ಟು ಉದ್ದ. ಕೊನೇಲಿ ಗಡಿಯಾರ ಹಿಡ್ಕೊಂಡು ನಿಂತ್ರೆ ಆತು. ಎಷ್ಟೊತ್ತಿಗೆ ಬಂತು ಅಂತ ನೋಡಿದ್ರೆ ಯಾವ ಬಣ್ಣ ಅಂತ ಗೊತ್ತಾಗ್ತದೆ.”

ಹದಿನೈದು ದಿನ ನಾನು ತಲೆ ಚಚ್ಚಿಕೊಂಡದ್ದು ಹೆಂಡತಿಗೆ ಒಂದು ಕಟ್ಟು ಬಸಳೆ ಮುಗಿಯುವುದರೊಳಗೆ ತಿಳಿದರೆ ಯಾವ ಗಂಡನಿಗೆ ಸಂತೋಷವಾದೀತು? “ಅಷ್ಟು ಸುಲಭ ಇಲ್ಲ” ಎಂದು ಎದ್ದುಹೋದೆ.

ಕುಮಟಾದಲ್ಲಿ ನನ್ನ ಮಾತಿನ ಹತ್ತನೇ ನಿಮಿಷಕ್ಕೆ ಮುಂದಿನ ಸಾಲಿನಲ್ಲಿ ಪ್ರಾಚಾರ್ಯರೇ ತೂಕಡಿಸತೊಡಗಿದರು. ಬೇರೆ ದಾರಿ ಕಾಣದೆ ಓಟದ ಪಂದ್ಯಕ್ಕೆ ಶರಣಾದೆ. ಸಭೆಗೆ ಎಚ್ಚರವಾಯಿತು. “ಹೋಲಿಕೆ ಚೆನ್ನಾಗಿದೆ, ಯಾರದ್ದು?” ಎಂದು ಪ್ರಾಚಾರ್ಯರು ಕೇಳಿದಾಗ “ಹೀಗೇ ಹೊಳೀತು ಸರ್” ಎಂದುಬಿಟ್ಟೆ. ಆಗ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. “ಸರ್, ಮೊದಲ್ನೇ ಗುಂಪಿನ ನೀಲಿ ಇನ್ನೂ ದಾರೀಲಿದ್ದಾಗ್ಲೇ ಎರಡನೇ ಗುಂಪಿನ ಕೆಂಪು ಬಂದು ಮುಟ್ಟಿದ್ರೆ ಎಂತ ಮಾಡೂದು?”

ಸಮಯ ಮೀರಿದೆಯೆಂದು ನೆವ ಹೇಳಿ, ಅವಳ ವಿಳಾಸ ಬರೆದುಕೊಂಡು, ಅಂಚೆಯಲ್ಲಿ ಉತ್ತರಿಸುವೆನೆಂದೆ.

ಮನೆಯಲ್ಲಿ ಊಟದ ಹೊತ್ತಿಗೆ, ಏನೋ ಲೋಕಾಭಿರಾಮವೆಂಬಂತೆ, ಶಾರದೆಯ ಮುಂದೆ ಅದೇ ಪ್ರಶ್ನೆ ಇಟ್ಟೆ.

“ಎರಡನೇ ಗುಂಪಿಗೆ ಸ್ವಲ್ಪ ತಡೆದು ಸೀಟಿ ಊದೂದು. ಇವರು ಅವರು ಬೆರೀದೇ ಇರುವಷ್ಟು ಅಂತರ ಬಿಟ್ರೆ ಆತು. ಇದೂ ಒಂದು ಪ್ರಶ್ನೆಯಾ?”

ಅದನ್ನೇ ಕಾರ್ಡಿನಲ್ಲಿ ಗಂಭೀರವಾಗಿ ಬರೆದು, ಕೆಳಗೆ ಹೆಸರಿನೊಂದಿಗೆ ಪದವಿಗಳನ್ನೆಲ್ಲ ಸೇರಿಸಿ ಮೇಜಿನ ಮೇಲಿಟ್ಟೆ. ಅಂಚೆಪೆಟ್ಟಿಗೆ ಇರುವುದು ಅವಳು ಶಾಲೆಗೆ ಹೋಗುವ ದಾರಿಯಲ್ಲಿ. ಬೆಳಿಗ್ಗೆ ಅವಳು ಕಾರ್ಡು ಓದಿದಳು. ಕೆಂಪು ಪೆನ್ನು ತೆಗೆದು ಒಂದು ಕಾಗುಣಿತ ತಿದ್ದಿ, ಮೂಲೆಯಲ್ಲಿ ಸರಿ ಗುರುತು ಹಾಕಿ, ಚೀಲದಲ್ಲಿಟ್ಟುಕೊಂಡು ಬಸ್ಸಿಗೆ ಹೋದಳು.