ಶಿವನ ಪಕ್ಕೆಯಲ್ಲೊಂದು ಹುಳುಕಡ್ಡಿ

ತಪಸ್ಸಿಗೆ ಕೂತ ಶಿವ ಪಕ್ಕೆ ಕೆರೆದುಕೊಂಡ.

ಮೊದಲ ಸಲ ಕೆರೆದುಕೊಂಡಾಗ ನಾಟಕದ ಮೇಷ್ಟ್ರು ಗಂಗಾಧರಪ್ಪ ಸುಮ್ಮನಿದ್ದರು. ಇನ್ನೊಮ್ಮೆ ಕೆರೆದುಕೊಂಡಾಗ ಹಾರ್ಮೋನಿಯಂ ನಿಲ್ಲಿಸಿದರು. ಮತ್ತೂ ಕೆರೆದುಕೊಂಡಾಗ ಕನ್ನಡಕ ತೆಗೆದೇಬಿಟ್ಟರು.

"ರೀ ಪ್ರಸನ್ನಕುಮಾರ್, ಮನ್ಮಥ ಬಂದು ಬಾಣ ಬಿಡೋವರ್ಗೂ ಶಿವ ಅಲ್ಲಾಡಬಾರ್ದು ಕಣ್ರೀ. ನೀವು ನೋಡಿದ್ರೆ ಅವನು ಬಿಲ್ಲು ಎತ್ತೋಕ್ ಮುಂಚೆನೇ ಪರಪರ ಅಂತ ಶುರು ಹಚ್ಕೊಂಡಿದೀರಲ್ರೀ!"

"ಸ್ವಲ್ಪ ತುರಿಕೆ ಮೇಷ್ಟ್ರೆ."

"ಅದೇನಿದ್ರೂ ಸಂಜೆಯೊಳಗೆ ಮುಗಿಸ್ಕೊಂಡ್ಬಿಡಿ. ಇಲ್ದಿದ್ರೆ ಮಧು ಇದಾನೆ. ಶಿವನ ಮಾತೆಲ್ಲ ಅವನಿಗೂ ಬಾಯಿಪಾಠ."

ಮೂಲೆಯಲ್ಲಿ ಮನ್ಮಥನ ವೇಷದ ಮಧು ವಿನಯದಿಂದ ತಲೆ ತಗ್ಗಿಸಿದ. ಅವನ ವಿನಯ ನೋಡಿ ಪ್ರಸನ್ನಕುಮಾರನಿಗೆ ಮೈಯೆಲ್ಲ ಉರಿಯಿತು.

ಉರಿಯಬೇಕಾದದ್ದೇ. ವಿನೋಬನಗರದ ಸಹಕಾರ ಸಂಘವೊಂದರಲ್ಲಿ ಗುಮಾಸ್ತನಾದ ಪ್ರಸನ್ನಕುಮಾರ್ ಬಡಾವಣೆಯ ಹವ್ಯಾಸಿ ನಾಟಕ ಮಂಡಳಿಗೆ ಸೇರಿದಾಗಿನಿಂದ ಅವನ ಕೈಗೆ ಸಿಕ್ಕಿದ್ದು ಬರೀ ಈಟಿ. ರಾಜನ ಹಿಂದೆ ಈಟಿ ಹಿಡಿದು ನಿಲ್ಲಬೇಕು, ರಾಜ ಎದ್ದರೆ ಸರಿಯಬೇಕು. ಒಮ್ಮೆ ದೂತನಾಗಿ "ಮಹಾಪ್ರಭು, ಯಾರೋ ಬಂದಿದ್ದಾರೆ" ಎಂದು ಹೇಳುವ ಯೋಗ ಬಂದಿತ್ತು. ಆ ಮಾತನ್ನು ಮೈಕು ನುಂಗಿಹಾಕಿತು. ಈ ಸಲ ಹಳೆಯ ಶಿವನಿಗೆ ಮಂಡಿನೋವು ಬಂದು ತಾಂಡವ ಕೈಬಿಟ್ಟಿದ್ದರಿಂದ ಪಾತ್ರ ಇವನಿಗೆ ಒಲಿದಿತ್ತು. ಅದೂ ಭದ್ರಾವತಿಯಲ್ಲಿ, ಹೆಂಡತಿ ಸುಷ್ಮಾಳ ತವರೂರಲ್ಲಿ! ಮಾವನ ಮನೆಯವರೆಲ್ಲ ಮುಂದಿನ ಸಾಲಿನಲ್ಲಿ ಕೂರುವವರು. "ನಮ್ಮ ಅಳಿಯಂದ್ರು ನಾಟಕದಲ್ಲಿ ಹಿಂದುಗಡೆ ಎಲ್ಲೋ ನಿಂತಿರ್ತಾರೆ" ಎಂದು ಬೀಗರಿಗೆಲ್ಲ ಹೇಳಿಕೊಂಡು ನಗುವ ಮಾವನಿಗೆ ಇವತ್ತು ಸಂಜೆ ಮೂರನೇ ಕಣ್ಣು ತೋರಿಸಬೇಕೆಂದು ಅವನು ಜೀವ ಹಿಡಿದುಕೊಂಡಿದ್ದ.

ತಾಲೀಮು ಮುಗಿಸಿ ಸೀದಾ ಮುಸ್ತಕೀಮನ ಮೆಡಿಕಲ್ ಶಾಪಿಗೆ ಹೋದ. ಅತ್ತಿತ್ತ ನೋಡಿ, ದನಿ ತಗ್ಗಿಸಿ, "ತುರಿಕೆಗೆ ಏನಾದ್ರೂ ಕೊಡಪ್ಪ. ನನಗಲ್ಲ, ಸ್ನೇಹಿತರೊಬ್ಬರಿಗೆ" ಎಂದ.

"ಸ್ನೇಹಿತ್ರಿಗೆ ಎಲ್ಲಿ ಸಾರ್ ತುರಿಕೆ?"

"ಪಕ್ಕೆಯಲ್ಲಿ" ಎನ್ನುತ್ತ ಪ್ರಸನ್ನಕುಮಾರ್ ಪಕ್ಕೆ ಕೆರೆದುಕೊಂಡ.

"ಹಂಗಾದ್ರೆ ನಿಮ್ ಸ್ನೇಹಿತ್ರಿಗೆ ಒಂಚೂರು ಅಂಗಿ ಎತ್ತೋಕೆ ಹೇಳಿ ಸಾರ್."

ಅಂಗಿ ಎತ್ತಿದ್ದಾಯಿತು. ಬಳೆಯಷ್ಟು ಅಗಲದ ಉಂಗುರ. ಅಂಚು ಕೆಂಪು, ನಡುವೆ ಮಾಮೂಲಿ ಚರ್ಮ. ಮುಸ್ತಕೀಮ್ ಬಗ್ಗಿ ನೋಡಿ, "ಹುಳುಕಡ್ಡಿ ಸಾರ್. ಫಂಗಸ್ಸು. ಬೆವರು ಒಣಗದೇ ಇದ್ರೆ ಬರುತ್ತೆ" ಎಂದು ಒಂದು ಸಣ್ಣ ಟ್ಯೂಬು ತೆಗೆದಿಟ್ಟ.

"ಸಂಜೆಯೊಳಗೆ ಹೋಗುತ್ತಾ?"

"ಸಂಜೆಯೊಳಗೆ ಹೋಗೋದು ಕರೆಂಟು ಸಾರ್. ಇದಕ್ಕೆ ವಾರಗಟ್ಟಲೆ ಹಚ್ಬೇಕು. ಮೈ ಚೆನ್ನಾಗಿ ಒಣಗಿಸ್ಕೊಂಡು ಬೆಳಿಗ್ಗೆ ಸಂಜೆ ತೆಳ್ಳಗೆ ಹಚ್ಚಿ. ಉಂಗುರದ ಆಚೆಗೂ ಸ್ವಲ್ಪ ಬರ್ಲಿ. ಕೆಂಪು ಹೋಯ್ತು ಅಂತ ತಕ್ಷಣ ಬಿಟ್ಬಿಡ್ಬೇಡಿ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಚರ್ಮದ ಡಾಕ್ಟ್ರಿಗೆ ತೋರಿಸಿ."

"ಹಚ್ಚಿದ ಕೂಡ್ಲೇ ತಣ್ಣಗಾಗೋ ಅಂಥದ್ದು ಇಲ್ವೇನಪ್ಪ?"

"ಇದೆ. ಅದ್ರಲ್ಲಿ ಸ್ಟೀರಾಯ್ಡ್ ಸೇರಿಸಿರ್ತಾರೆ. ಇವತ್ತು ತಣ್ಣಗಾಗಿ ನಾಳೆ ಮೈಯೆಲ್ಲ ಮೆರವಣಿಗೆ ಹೊರಡುತ್ತೆ. ಡಾಕ್ಟ್ರು ಬರ್ಕೊಡದೆ ನಾನು ಅದನ್ನ ಕೊಡಲ್ಲ ಸಾರ್."

ಪ್ರಸನ್ನಕುಮಾರನಿಗೆ ಅರ್ಧ ಸಮಾಧಾನವಾಯಿತು. ಉಂಗುರ ಹೋಗದಿದ್ದರೆ ಬೇಡ, ಅದರ ಮೇಲೆ ವಿಭೂತಿ ಬಳಿದರಾಯಿತು. ತುರಿಕೆ ಒಂದಿಷ್ಟು ತಗ್ಗಿದರೆ ಸಾಕು. ಮನೆಗೆ ಬಂದು ಸ್ನಾನ ಮಾಡಿ, ಮೈ ಒಣಗಿಸಲು ಬರಿಮೈಯಲ್ಲಿ ತಾರಸಿ ಹತ್ತಿ, ಬಿಸಿಲಿಗೆ ಪಕ್ಕೆ ಒಡ್ಡಿ ನಿಂತ. ತಪ್ಪಾಗಿದ್ದು ಅಲ್ಲೇ. ತಾರಸಿಯ ಆ ಮೂಲೆಯಲ್ಲಿ ಮನೆಯ ಓನರಮ್ಮ ಹುಲಿಗೆಮ್ಮ ಸಂಡಿಗೆ ಒಣಹಾಕುತ್ತಿದ್ದರು.

"ಅಯ್ಯಯ್ಯೋ! ಏನೋ ಅದು ಪಕ್ಕೆ ಮೇಲೆ?"

"ಹುಳುಕಡ್ಡಿ ಅಜ್ಜಿ. ಔಷಧಿ ಹಚ್ತಾ ಇದೀನಿ."

"ಹುಳುಕಡ್ಡಿಯಂತೆ ಹುಳುಕಡ್ಡಿ! ನನ್ನ ಕೂದ್ಲೇನು ಬಿಸಿಲಿಗೆ ಬೆಳ್ಳಗಾಗಿದ್ದು ಅಂದ್ಕೊಂಡ್ಯಾ? ಸರ್ಪಸುತ್ತು ಕಣೋ ಅದು!"

ಸರ್ಪಸುತ್ತೆಂದರೆ ನಮ್ಮ ಕಡೆ ಎಂಥ ಗಟ್ಟಿಗನ ಎದೆಯೂ ಒಮ್ಮೆ ಧಸಕ್ಕೆನ್ನುತ್ತದೆ. ಗುಳ್ಳೆಗಳು ಹಾವಿನ ಹಾಗೆ ಸೊಂಟ ಸುತ್ತಿಕೊಂಡು ಹೋಗುತ್ತವೆ, ಸುತ್ತು ಪೂರ್ತಿಯಾಗಿ ತಲೆಗೆ ಬಾಲ ಸೇರಿತೆಂದರೆ ಆಸಾಮಿ ಉಳಿಯುವುದಿಲ್ಲ ಎಂದು ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಡಾಕ್ಟರುಗಳು ಅಲ್ಲವೆಂದು ಹೇಳುತ್ತಾರೆ. ಹುಲಿಗೆಮ್ಮ ಡಾಕ್ಟರುಗಳ ಮಾತನ್ನು ಯಾವಾಗ ಕೇಳಿದ್ದರು?

"ಬೇರೆಯವ್ರಿಗೆ ಸೊಂಟ ಸುತ್ತೋಕೆ ದಿನ ಹಿಡಿಯುತ್ತೆ. ನಿಂದು ಅಷ್ಟು ದೂರ ಯಾಕೆ ಹೋಗೋದು ಅಂತ ಅಲ್ಲೇ ತಲೆ ಬಾಲ ಸೇರಿಸ್ಕೊಂಡು ಕೂತಿದೆಯಲ್ಲೋ ಮಾರಾಯ! ದಿನಾ ಕೊರಳಿಗೆ ಬಟ್ಟೆ ಹಾವು ಸುತ್ಕೊಂಡು ಧಿಮಿಧಿಮಿ ಕುಣಿದ್ರೆ ನಾಗಪ್ಪ ಸುಮ್ನೆ ಬಿಡ್ತಾನಾ?"

ಹುಲಿಗೆಮ್ಮ ಮೆಟ್ಟಿಲಿಳಿದು ಕೆಳಗೆ ಮುಟ್ಟುವುದರೊಳಗೆ ಸುದ್ದಿ ಬೀದಿಯ ತುದಿ ಮುಟ್ಟಿತ್ತು. ಒಬ್ಬರು ಎಳನೀರು ತಂದರು. ಒಬ್ಬರು ಉಪ್ಪು ಖಾರ ಮುಟ್ಟಬಾರದೆಂದು ಹೇಳಿ, ಒಲೆಯ ಮೇಲಿದ್ದ ಸಾರನ್ನು ತಾವೇ ಇಳಿಸಿದರು. ಇನ್ನೊಬ್ಬರು ಸುಷ್ಮಾಳನ್ನು ಪಕ್ಕಕ್ಕೆ ಕರೆದು, ಯಜಮಾನರ ವಿಮೆ ಏನಾದರೂ ಇದೆಯೇ ಎಂದು ಮೆತ್ತಗೆ ವಿಚಾರಿಸಿದರು.

"ಇದು ಹುಳುಕಡ್ಡಿ ಕಣ್ರೀ, ಹುಳುಕಡ್ಡಿ!" ಎಂದು ಪ್ರಸನ್ನಕುಮಾರ್ ಟ್ಯೂಬು ಎತ್ತಿ ಎತ್ತಿ ತೋರಿಸಿದ. ಸಾಯುವವರು ಹೀಗೆಯೇ ಒಪ್ಪಿಕೊಳ್ಳುವುದಿಲ್ಲ ಎಂಬಂತೆ ಜನ ಅವನತ್ತ ಕರುಣೆಯಿಂದ ನೋಡಿದರು.

"ರೀ, ಅವ್ರು ಏನಾದ್ರೂ ಅಂದ್ಕೊಳ್ಲಿ. ನೀವು ಬಾಯಿ ಮುಚ್ಕೊಂಡು ಹೋಗಿ ಪಾತ್ರ ಮಾಡ್ಬನ್ನಿ" ಎಂದಳು ಸುಷ್ಮಾ.

ಅಷ್ಟರಲ್ಲಿ ಭದ್ರಾವತಿಯಿಂದ ಅತ್ತೆಯ ಫೋನು. ಸುದ್ದಿ ಅವರನ್ನೂ ತಲುಪಿತ್ತು. "ಪಾತ್ರ ಗೀತ್ರ ಬೇಡ ಅಳಿಯಂದ್ರೇ, ಜೀವ ಮುಖ್ಯ. ಸರ್ಪಸುತ್ತು ಇಟ್ಕೊಂಡು ನೀವೇನಾದ್ರೂ ಸ್ಟೇಜ್ ಹತ್ತಿದ್ರೆ ನಾನೇ ಬಂದು ಕೈ ಹಿಡಿದು ಇಳಿಸ್ತೀನಿ" ಎಂದು ಅವರು ಗೊಳೋ ಎಂದು ಅತ್ತರು. ಪ್ರಸನ್ನಕುಮಾರನ ಕಣ್ಣ ಮುಂದೆ ಆ ದೃಶ್ಯ ಬಂತು: ತಾಂಡವದ ಮಧ್ಯೆ ಅತ್ತೆ ಸೆರಗು ಸಿಕ್ಕಿಸಿಕೊಂಡು ಕೈಲಾಸಕ್ಕೆ ಹತ್ತುವುದು, ಮಾವ ಕೆಳಗೆ ಕೂತು ನಗುವುದು. ಅವನಿಗೆ ಅಳುವೇ ಬಂದಂತಾಯಿತು. ಇನ್ನು ಸುಮ್ಮನಿರುವ ಹಾಗಿರಲಿಲ್ಲ. ಇದು ಸರ್ಪಸುತ್ತಲ್ಲವೆಂದು ಅತ್ತೆ ನಂಬುವಂಥವರ ಬಾಯಿಂದ ಹೇಳಿಸಲೇಬೇಕಿತ್ತು.

ಅಂಥ ಬಾಯಿ ಒಂದೇ ಇತ್ತು. ಹೊಳೆಹೊನ್ನೂರಿನ ವೀರಪ್ಪ. ಸರ್ಪಸುತ್ತಾದವರ ಮೈಮೇಲೆ ಮಂತ್ರ ಹೇಳಿ ಕಾವಿಯಲ್ಲಿ ಬರೆಯುವುದರಲ್ಲಿ ಅವರದು ದೊಡ್ಡ ಹೆಸರು. ಹುಲಿಗೆಮ್ಮ ಅವರ ಹೆಸರನ್ನು ಆಗಲೇ ಹತ್ತಾರು ಸಲ ಜಪಿಸಿದ್ದರು.

ಊಟದ ಹೊತ್ತಿಗೆ ನಾಟಕದ ವ್ಯಾನು ಬಂತು. "ಹೊಳೆಹೊನ್ನೂರಿನ ಮೇಲೆ ಹೋಗೋಣ ಮೇಷ್ಟ್ರೆ, ವೀರಪ್ಪನೋರು ಹೇಳಿದ ಹಾಗಾಗ್ಲಿ" ಎಂದು ಪ್ರಸನ್ನಕುಮಾರ್ ತಾನೇ ಹೇಳಿದ. ಹುಲಿಗೆಮ್ಮ ಎಲ್ಲರಿಗಿಂತ ಮೊದಲು ಹತ್ತಿ ಕಿಟಕಿ ಪಕ್ಕ ಕೂತರು. ಮಧು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ತಪಸ್ಸು ಅಭ್ಯಾಸ ಮಾಡುತ್ತಿದ್ದ.

ದಾರಿಯಲ್ಲಿ ಗಂಗಾಧರಪ್ಪ ಪ್ರಸನ್ನಕುಮಾರನ ಕಿವಿಗೆ ಬಾಯಿಟ್ಟರು.

"ನಾನು ಮೊದಲು ಹೆದರಿದ್ದು ಹೌದು. ಆದ್ರೆ ಈಗ ಭದ್ರಾವತಿಗೆ ಫೋನ್ ಮಾಡಿದ್ನಲ್ಲ, ಊರಲ್ಲೆಲ್ಲ ಇದೇ ಮಾತಂತೆ. ಸರ್ಪ ಒಲಿದವನೇ ಶಿವನ ಪಾತ್ರ ಮಾಡ್ತಾನೆ ಅಂತ! ಕುರ್ಚಿ ಸಾಲ್ದೆ ಶಾಮಿಯಾನದವ್ರ ಹತ್ರ ಮತ್ತೆ ತರಿಸ್ತಾ ಇದಾರೆ. ವೀರಪ್ಪ ಬರೆದು ಅಪ್ಪಣೆ ಕೊಟ್ರೆ ಸಾಕು, ಪಾತ್ರ ನಿಮ್ದೇ."

"ಮೇಷ್ಟ್ರೆ, ಇದು ಸರ್ಪ ಅಲ್ಲವೇ ಅಲ್ಲ. ಅವ್ರೇ ಹೇಳ್ತಾರೆ ನೋಡ್ತಿರಿ" ಎಂದ ಪ್ರಸನ್ನಕುಮಾರ್. ಸತ್ಯಕ್ಕೆ ಸಾವಿಲ್ಲ ಎಂದು ಅವನಿಗೆ ಗಟ್ಟಿ ನಂಬಿಕೆ.

ವೀರಪ್ಪನವರ ಜಗಲಿಯ ಮೇಲೆ ಆಗಲೇ ನಾಕೈದು ಜನ ಕಾದಿದ್ದರು. ಹುಲಿಗೆಮ್ಮ "ತಲೆ ಬಾಲ ಸೇರಿರೋ ಕೇಸು, ದಾರಿ ಬಿಡ್ರಪ್ಪ!" ಎಂದು ಕೂಗಿದ್ದೇ ತಡ, ಎಲ್ಲ ಎದ್ದು ನಿಂತು ಜಾಗ ಬಿಟ್ಟರು. ವೀರಪ್ಪ ಎತ್ತರದ ಆಳು, ಬಿಳಿ ಮೀಸೆ, ತೋಳು ಪೂರ್ತಿ ಮುಚ್ಚುವ ಬನಿಯನ್ನು. ಪ್ರಸನ್ನಕುಮಾರನನ್ನು ಒಳಕೋಣೆಗೆ ಕರೆದುಕೊಂಡು ಹೋದರು.

ಅಂಗಿ ಬಿಚ್ಚಿಸಿ ಒಮ್ಮೆ ನೋಡಿದರು. "ಇದು ಸರ್ಪ ಅಲ್ಲ. ಹುಳುಕಡ್ಡಿ" ಎಂದರು.

ಪ್ರಸನ್ನಕುಮಾರನಿಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. "ಅದೇ ಸ್ವಾಮಿ, ಬೆಳಿಗ್ಗೆಯಿಂದ ಬಡ್ಕೊಳ್ತಾ ಇದೀನಿ! ಅದನ್ನೇ ಹೊರಗೆ ಬಂದು ಒಂದ್ ಮಾತು ಹೇಳ್ಬಿಡಿ."

ವೀರಪ್ಪ ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿದರು. ಆಮೇಲೆ ಮೆಲ್ಲಗೆ ತಮ್ಮ ಬನಿಯನ್ನು ಎತ್ತಿದರು. ಹೊಟ್ಟೆಯ ಮೇಲೆ ಒಂದು, ಸೊಂಟದಲ್ಲಿ ಒಂದು, ಬೆನ್ನ ಕಡೆಗೆ ಅವೆರಡರ ಅಣ್ಣನಂಥ ಇನ್ನೊಂದು ಉಂಗುರ.

"ಏನ್ ಹಚ್ತಾ ಇದೀರಿ?" ಎಂದು ಪಿಸುಗುಟ್ಟಿದರು.

ಪ್ರಸನ್ನಕುಮಾರ್ ಜೇಬಿನಿಂದ ಟ್ಯೂಬು ತೆಗೆದ.

"ಎಷ್ಟು ದಿನದಿಂದ ಒದ್ದಾಡ್ತಿದೀನಿ ಅಂತೀರಾ? ಕಾವಿ ಹಚ್ಚಿದೆ, ಬೇವು ಹಚ್ಚಿದೆ, ಜಗ್ಗಲಿಲ್ಲ. ಮೆಡಿಕಲ್ ಶಾಪಿಗೆ ಹೋಗೋಣ ಅಂದ್ರೆ ಈ ಊರಲ್ಲಿ ನನ್ನ ಗುರುತಿಲ್ಲದವ್ರು ಯಾರಿದಾರೆ? 'ಊರೋರ ಮೈ ಮೇಲೆ ಬರೆಯೋ ವೀರಪ್ಪ ತನ್ನ ಮೈಗೆ ಟ್ಯೂಬು ಹುಡುಕ್ತಾನೆ' ಅಂದ್ರೆ ಮಾನ ಉಳಿಯುತ್ತಾ? ಇದನ್ನ ಇಲ್ಲಿ ಬಿಟ್ಟು ಹೋಗಿ. ಈ ವಿಷಯ ಯಾರ ಹತ್ರನೂ ಬಾಯಿ ಬಿಡ್ಬೇಡಿ. ಹೊರಗೆ ಬಂದು ನೀವು ಹೇಳಿದ ಹಾಗೆ ಹೇಳ್ತೀನಿ."

ಪ್ರಸನ್ನಕುಮಾರ್ ಕ್ಷಣವೂ ಯೋಚಿಸಲಿಲ್ಲ. ಟ್ಯೂಬು ಹೋದರೆ ಇನ್ನೊಂದು, ಶಿವನ ಪಾತ್ರ ಹೋದರೆ ಮತ್ತೆ ಸಿಕ್ಕೀತೇ? ಟ್ಯೂಬನ್ನು ಅವರ ಕೈಗಿತ್ತ. ಮೈ ಒಣಗಿಸಿ ಹಚ್ಚಬೇಕು, ಉಂಗುರದ ಆಚೆಗೂ ಹಚ್ಚಬೇಕು, ಬೇಗ ಬಿಡಬಾರದು ಎಂದೆಲ್ಲ ಹೇಳಿಕೊಟ್ಟ. ವೀರಪ್ಪ ಅದನ್ನು ಪಂಚೆಯ ಗಂಟಿಗೆ ಸಿಕ್ಕಿಸಿಕೊಂಡು, ಮುಖಕ್ಕೆ ಗಾಂಭೀರ್ಯ ತಂದುಕೊಂಡು, ಚಿಲಕ ತೆಗೆದರು.

ಜಗಲಿಯಲ್ಲಿ ಎಲ್ಲರೂ ಕಾದು ನಿಂತಿದ್ದರು. ಅತ್ತೆ ಕೇಳಲಿ ಎಂದು ಹುಲಿಗೆಮ್ಮ ಫೋನನ್ನೂ ಮುಂದೆ ಚಾಚಿದ್ದರು.

"ಸರ್ಪಸುತ್ತು ಅಲ್ಲ. ಬರೀ ಹುಳುಕಡ್ಡಿ" ಎಂದರು ವೀರಪ್ಪ.

ಫೋನಿನೊಳಗಿಂದ ಅತ್ತೆ "ಅಯ್ಯೋ ದೇವ್ರೆ, ಬದುಕ್ದೆ" ಎಂದರು. ಹುಲಿಗೆಮ್ಮನ ಮುಖ ಮಾತ್ರ ಚಿಕ್ಕದಾಯಿತು. ಪ್ರಸನ್ನಕುಮಾರ್ ಎದೆ ಉಬ್ಬಿಸಿ ಮೇಷ್ಟ್ರ ಕಡೆ ನೋಡಿದ. "ನಾನು ಹೇಳ್ಲಿಲ್ವಾ ಮೇಷ್ಟ್ರೆ?"

ಗಂಗಾಧರಪ್ಪ ಎರಡು ಹೆಜ್ಜೆ ಹಿಂದೆ ಸರಿದಿದ್ದರು.

"ಹುಳುಕಡ್ಡಿನಾ? ನಿಜವಾಗ್ಲೂ ಹುಳುಕಡ್ಡಿನಾ? ರೀ, ಅದು ಅಂಟುತ್ತಲ್ರೀ!"

ಪಾರ್ವತಿಯ ಪಾತ್ರದ ಜಯಶೀಲಾ ಸೆರಗನ್ನು ಎಳೆದುಕೊಂಡು, "ಮದುವೆ ಸೀನಲ್ಲಿ ನಾನು ಇವ್ರ ಕೈ ಹಿಡಿಯಲ್ಲ ಮೇಷ್ಟ್ರೆ, ಈಗ್ಲೇ ಹೇಳ್ತೀನಿ" ಎಂದರು.

"ಅಲ್ಲ ಮೇಷ್ಟ್ರೆ, ನೀವೇ ಹೇಳಿದ್ರಲ್ಲ, ಪಾತ್ರ ನಿಮ್ದೇ ಅಂತ..."

"ಸರ್ಪಸುತ್ತು ಆಗಿದ್ರೆ ಖಂಡಿತ ನಿಮ್ದೇ ಇತ್ತು. ಅದು ನಿಮ್ಮೊಬ್ರ ಹಣೆಬರಹ. ಹುಳುಕಡ್ಡಿ ಅಂದ್ರೆ ಇಡೀ ಮಂಡಳಿದು! ಒಂದೇ ಪೆಟ್ಟಿಗೆ ಬಟ್ಟೆ, ಒಂದೇ ಬಣ್ಣದ ಬಟ್ಟಲು. ನಾಳೆ ಮೂವತ್ಮೂರು ಕೋಟಿ ದೇವತೆಗಳೂ ಕೆರ್ಕೊಳ್ತಾ ನಿಂತ್ರೆ ನಾನೇನ್ ಮಾಡ್ಲಿ? ಮಧೂ, ಬಾರಪ್ಪ, ನೀನೇ ಶಿವ."

ಮಧು ವಿನಯದಿಂದ ತಲೆ ತಗ್ಗಿಸಿ, ಎರಡೇ ನೆಗೆತಕ್ಕೆ ವ್ಯಾನಿನಲ್ಲಿದ್ದ.

ಪ್ರಸನ್ನಕುಮಾರನಿಗೆ ಸಿಕ್ಕಿದ್ದ ಕೈಲಾಸ ಕೈತಪ್ಪಿ ಹೋಗಿತ್ತು. ಬಾಯಿ ಮುಚ್ಚಿಕೊಂಡಿರಿ ಎಂದಿದ್ದ ಸುಷ್ಮಾಳಿಗೆ ಯಾವ ಮುಖ ತೋರಿಸುವುದು? ಈ ದುಃಖದ ಮಧ್ಯೆ ಪಕ್ಕೆ ಬೇರೆ ಚುರುಚುರು ಎನ್ನತೊಡಗಿತು. ಅವನು ಎಲ್ಲರೆದುರೇ ಪರಪರ ಕೆರೆದುಕೊಂಡ. ಜಗಲಿಯಲ್ಲಿದ್ದವರು ಇನ್ನಷ್ಟು ದೂರ ಸರಿದರು.

ವೀರಪ್ಪ ಪಂಚೆಯ ಗಂಟನ್ನು ಬಿಗಿಮಾಡಿಕೊಳ್ಳುತ್ತ, ಇಡೀ ಬೀದಿಗೆ ಕೇಳುವಂತೆ, "ಹಂಗೆ ಕೆರ್ಕೋಬಾರ್ದು ತಮ್ಮಾ. ವಿದ್ಯಾವಂತ್ರು ನೀವು, ಇಂಥದ್ದಕ್ಕೆಲ್ಲ ನಾಚ್ಕೊಳ್ದೆ ಅಂಗಡಿಗೆ ಹೋಗಿ ಒಂದು ಟ್ಯೂಬು ತಗೊಂಡು ಹಚ್ಕೋಬೇಕಪ್ಪ" ಎಂದು ಬುದ್ಧಿ ಹೇಳಿದರು.