ಹುಂಜ ಅಂಚೆಪೆಟ್ಟಿಗೆ ಗುಡಿಸಿದ್ದು

ಎಪ್ಪತ್ತು ತುಂಬಲು ಇನ್ನೇನು ಒಂದು ವಾರ ಇದೆ ಎನ್ನುವಾಗ ಹುಂಜನಿಗೆ ನಾರ್ಫೋಕ್ ದ್ವೀಪದ ಮೇಲೆ ಸಿಟ್ಟು ಬಂತು. ಇಡೀ ದ್ವೀಪದ ಮೇಲೆ. ಒಬ್ಬಿಬ್ಬರ ಮೇಲಾಗಿದ್ದರೆ ಅವರೊಡನೆ ಮಾತು ಬಿಟ್ಟು ಸುಮ್ಮನಿರಬಹುದಿತ್ತು.

ಹುಂಜ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಆ ದ್ವೀಪದಲ್ಲಿ ಹೆತ್ತವರಿಟ್ಟ ಹೆಸರು ಜ್ಞಾನಸ್ನಾನದಲ್ಲೊಮ್ಮೆ, ಮದುವೆಯಲ್ಲೊಮ್ಮೆ, ಕೊನೆಗೆ ಗೋರಿಕಲ್ಲಿನ ಮೇಲೊಮ್ಮೆ ಕಾಣಿಸಿಕೊಳ್ಳುತ್ತದೆ. ನಡುವಿನ ಕಾಲವನ್ನೆಲ್ಲ ಅಡ್ಡಹೆಸರೇ ನಡೆಸಿಕೊಡುತ್ತದೆ. ಟೆಲಿಫೋನ್ ಪುಸ್ತಕದಲ್ಲಿ ಅಚ್ಚಾಗುವುದೂ ಅದೇ. ಹುಂಜನ ಹೆಂಡತಿ ಚುಕ್ಕಿ. ಪ್ರಾಣದ ಗೆಳೆಯ ಗರಗಸ (ಅವನ ಪಕ್ಕದ ಕೋಣೆಯಲ್ಲಿ ಒಂದು ರಾತ್ರಿ ಮಲಗಿದವರು ಈ ಹೆಸರಿಗೆ ಕಾರಣ ಕೇಳುವುದಿಲ್ಲ). ಬೇಕರಿ ನಡೆಸುವವಳು ಗುಬ್ಬಿ ಅತ್ತೆ; ಆಕೆ ಬಾಗಿಲಲ್ಲಿ ಅಡ್ಡಡ್ಡ ತಿರುಗಿಯೇ ಒಳಗೆ ಬರಬೇಕು.

ಹುಂಜನ ಎಪ್ಪತ್ತಕ್ಕೆ ಭಾನುವಾರ ಆರಾಧನೆ ಮುಗಿದ ಮೇಲೆ ಮನೆಯಲ್ಲಿ ಊಟ ಎಂದು ಚುಕ್ಕಿ ಎಲ್ಲರಿಗೂ ಇಮೇಲಿನಲ್ಲಿ ಆಮಂತ್ರಣ ಕಳಿಸಿದಳು. ಬರುವವರು ಉತ್ತರ ಬರೆಯಬೇಕು ಎಂದು ಕೆಳಗೆ ಸೇರಿಸಿದಳು. ಆಮೇಲೆ ಕಣ್ಣಿನ ಪೊರೆ ತೆಗೆಸಲು ವಿಮಾನ ಹತ್ತಿ ಬ್ರಿಸ್ಬೇನಿನ ತಂಗಿಯ ಮನೆಗೆ ಹೋದಳು. ಅಲ್ಲಿಂದ ಫೋನು ಬಂತು.

"ಹುಂಜ, ನಮ್ಮ ಅಂಚೆಪೆಟ್ಟಿಗೆ ತುಂಬಿ ತುಳುಕ್ತಿದೆಯಂತೆ. ಇನ್ನು ಜಾಗ ಇಲ್ಲ ಅಂತ ಫೋನಿಗೆ ಎಚ್ಚರಿಕೆ ಬಂದಿದೆ, ತಂಗಿ ಓದಿ ಹೇಳಿದ್ಳು. ಬೇಡದ್ದನ್ನ ತೆಗೆದುಹಾಕು."

"ಬೇಡದ್ದು ಅಂದ್ರೆ?"

"ಗುರುತಿಲ್ಲದವರು ಕಳ್ಸಿದ್ದು. ಒಂದೊಂದಾಗಿ ತೆರೆದು ನೋಡು."

"ಒಂದೊಂದಾಗಿ ನೋಡ್ತಾ ಕೂತ್ರೆ ನಂಗೆ ಎಂಬತ್ತೇ ತುಂಬುತ್ತೆ."

"ಜನ ಉತ್ತರ ಬರೆದಿರ್ತಾರೆ ಕಣೋ. ಜೋಪಾನ."

"ನನಗೆ ಕಣ್ಣು ಕಾಣಲ್ವಾ? ಪೊರೆ ಬಂದಿದ್ದು ನಿನಗೆ."

ಹೀಗೆ ಹೇಳಿ, ಚಹಾ ಮಾಡಿಕೊಂಡು, ಅಂಗಿಯ ತೋಳು ಮಡಿಸಿ ಹುಂಜ ಕಂಪ್ಯೂಟರಿನ ಮುಂದೆ ಕುಳಿತ. ಅಂಚೆಪೆಟ್ಟಿಗೆ ನಿಜಕ್ಕೂ ಹದಗೆಟ್ಟಿತ್ತು. ಮಂಡಿನೋವಿನ ಎಣ್ಣೆ, ಹಾಸಿಗೆಯ ರಿಯಾಯಿತಿ, ಅವನು ಎಂದೂ ಹತ್ತದ ಹಡಗುಗಳ ವಿಹಾರ. ಅವುಗಳ ನಡುನಡುವೆ ಯಾರ್‍ಯಾರೋ. ಪ್ರೂಡೆನ್ಸ್ ವಿಲ್ಹೆಲ್ಮಿನಾ ಕ್ವಿಂಟಾಲ್. ಥಡ್ಡಿಯಸ್ ಬಫೆಟ್. ಹೊರೇಶಿಯೊ ಪೆರಿಗ್ರಿನ್ ಎವನ್ಸ್.

"ಹೊರೇಶಿಯೊ ಪೆರಿಗ್ರಿನ್!" ಎಂದು ಹುಂಜ ಬೆಕ್ಕಿಗೆ ಹೇಳಿದ. "ಯಾವ ಪುಣ್ಯಾತ್ಗಿತ್ತಿ ಇಟ್ಟಳೋ ಈ ಹೆಸರನ್ನ!"

ಎವನ್ಸ್, ಕ್ವಿಂಟಾಲ್, ಬಫೆಟ್ ಎಲ್ಲ ದ್ವೀಪದ ಮನೆತನಗಳೇ ಎನ್ನುವುದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದೇ ಅನುಮಾನಕ್ಕೆ ಕಾರಣ. ಮೋಸಗಾರರು ಈಗ ಊರಿನವರ ಹೆಸರನ್ನೇ ಹಾಕಿಕೊಂಡು ಬರುತ್ತಾರೆಂದು ರೇಡಿಯೋದಲ್ಲಿ ಹೇಳಿದ್ದರು. ಮನೆತನದ ಹೆಸರು ಕದ್ದಿದ್ದಾರೆ, ಮುಂದಿನ ಹೆಸರು ತಿಳಿಯದೆ ಬಾಯಿಗೆ ಬಂದದ್ದನ್ನು ಸೇರಿಸಿದ್ದಾರೆ ಎಂದು ಹುಂಜ ತೀರ್ಮಾನಿಸಿದ. ಇಂಥ ಕಳ್ಳರ ಕಾಗದ ತೆರೆಯುವುದೂ ಅಪಾಯ. ಅವನು ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ಒಟ್ಟಿಗೇ ಹಿಡಿದು ಕಸದ ಬುಟ್ಟಿಗೆ ತಳ್ಳಿದ. ಇನ್ನು ಮುಂದೆ ಇವರು ಏನು ಬರೆದರೂ ನೇರ ಅಲ್ಲಿಗೇ ಹೋಗಲಿ ಎಂದು ಕಂಪ್ಯೂಟರಿಗೆ ಅಪ್ಪಣೆ ಕೊಟ್ಟ. ಬುಟ್ಟಿಯನ್ನೂ ಬರಿದು ಮಾಡಿದ. ಪೆಟ್ಟಿಗೆ ತೊಳೆದ ತಟ್ಟೆಯಂತಾಯಿತು. ಇಂಥ ಮಹಾಕಾರ್ಯಕ್ಕೆ ಸಾಕ್ಷಿಯಾಗಿ ಬೆಕ್ಕೊಂದೇ ಇತ್ತಲ್ಲ ಎಂದು ಸ್ವಲ್ಪ ಕೊರಗಿದ.

ಆಮೇಲೆ ಉತ್ತರಗಳಿಗಾಗಿ ಕಾದ. ಒಂದೂ ಬರಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಗುಬ್ಬಿ ಅತ್ತೆ ಬರೆಯಲಿಲ್ಲ. ಗರಗಸ ಬರೆಯಲಿಲ್ಲ. ಚಡ್ಡಿ ಹಾಕುವ ವಯಸ್ಸಿನಿಂದ ಒಂದೇ ದೋಣಿಯಲ್ಲಿ ಮೀನು ಹಿಡಿದ ಗರಗಸ! ನೀನು ಬರುತ್ತೀಯೋ ಇಲ್ಲವೋ ಎಂದು ಬಾಯಿಬಿಟ್ಟು ಕೇಳಲು ಹುಂಜನ ಅಭಿಮಾನ ಒಪ್ಪಲಿಲ್ಲ. ಅದಕ್ಕೆ ಬದಲು ಬೆರಳು ಎತ್ತುವುದನ್ನು ಬಿಟ್ಟ.

ಆ ದ್ವೀಪದಲ್ಲಿ ಇದು ಸಣ್ಣ ಮಾತಲ್ಲ. ಎದುರು ಬಂದ ಪ್ರತಿ ವಾಹನಕ್ಕೂ ಚಾಲಕ ಸ್ಟೀರಿಂಗಿನ ಮೇಲಿಂದ ಬಲಗೈ ಬೆರಳೆತ್ತಬೇಕು. ಕೋರ್ಟಿನಲ್ಲಿ ಜಗಳವಾಡುವವರೂ ದಾರಿಯಲ್ಲಿ ಎತ್ತುತ್ತಾರೆ. ಸೋಮವಾರದಿಂದ ಹುಂಜನ ಬಲಗೈ ಸ್ಟೀರಿಂಗಿನ ಮೇಲೆ ಕಲ್ಲಿನಂತೆ ಕುಳಿತಿತು. ಗುಬ್ಬಿ ಅತ್ತೆ ಎದುರಾದರೂ ಅಲ್ಲಾಡಲಿಲ್ಲ. ಗರಗಸ ಹಾರ್ನ್ ಹೊಡೆದರೂ ಅಲ್ಲಾಡಲಿಲ್ಲ. ರಸ್ತೆಯ ನಡುವೆ ನಿಂತ ಹಸುವೊಂದು ದಾರಿ ಬಿಟ್ಟಾಗ ಮಾತ್ರ, ಮನುಷ್ಯರಿಗಿಂತ ನೀನೇ ವಾಸಿ ಎಂದು, ಎಡಗೈ ಎತ್ತಿ ನಮಸ್ಕರಿಸಿದ. ಹಿಂದೆ ಬರುತ್ತಿದ್ದವರು ಅದನ್ನು ನೋಡಿದರು.

ಶನಿವಾರ ಚುಕ್ಕಿ ಬಂದಿಳಿದಳು. ವಿಮಾನ ನಿಲ್ದಾಣದಲ್ಲಿ ಕಂಡವರೆಲ್ಲ ಅವಳ ಕೈ ಹಿಸುಕಿ, "ದೇವರಿದ್ದಾನೆ, ಧೈರ್ಯವಾಗಿರು" ಎಂದರು. ಕಣ್ಣಿನ ಬಗ್ಗೆ ಹೇಳುತ್ತಿದ್ದಾರೆಂದುಕೊಂಡು ಅವಳು ಎಲ್ಲರಿಗೂ, "ಈಗ ಪರವಾಗಿಲ್ಲ, ಹನಿ ಹಾಕಿದ್ರೆ ಸಾಕು" ಎಂದಳು. ಅವರು ಮುಖ ಮುಖ ನೋಡಿಕೊಂಡರು.

"ನಾಳೆ ಎಷ್ಟು ಜನ ಬರ್ತಾರೆ?" ಎಂದು ಕಾರಿನಲ್ಲಿ ಕೇಳಿದಳು.

"ನೀನು, ನಾನು, ಬೆಕ್ಕು."

"ಗರಗಸ?"

"ಅವನ ಹೆಸರೆತ್ತಬೇಡ."

ಚುಕ್ಕಿ ನೊಂದುಕೊಂಡಳು. ಗಂಡನ ಮುಖ ನೋಡಿ ಹೆಚ್ಚು ಕೆದಕಲಿಲ್ಲ. ರಾತ್ರಿ ಒಂದೇ ಒಂದು ಕೋಳಿಗೆ ಮಸಾಲೆ ಹಚ್ಚಿಟ್ಟಳು.

ಭಾನುವಾರ ಚರ್ಚಿನಲ್ಲಿ ಹಿಂದಿನ ಬೆಂಚಿಗೆ ಹೋಗುತ್ತಿದ್ದ ಹುಂಜನ ಬಲ ಮೊಳಕೈಯನ್ನು ಯಾರೋ ಮೃದುವಾಗಿ ಹಿಡಿದರು. ಗರಗಸ. ಹುಂಜ ಕೊಸರಿದ. ಗರಗಸ ಬಿಡಲಿಲ್ಲ, ಪಕ್ಕದಲ್ಲೇ ಕೂರಿಸಿಕೊಂಡು, ಆ ಕೈಯನ್ನೆತ್ತಿ ಕೂಸಿನಂತೆ ತನ್ನ ತೊಡೆಯ ಮೇಲಿಟ್ಟುಕೊಂಡ. ಪಾದ್ರಿಗಳು ಮುಂದೆ ಬಂದರು.

"ಪ್ರಿಯರೇ, ನಮ್ಮ ಹುಂಜನ ಬಲಗೈ ಲಕ್ವ ಹೊಡೆದು ಬಿದ್ದುಹೋಗಿರುವುದು ಎಲ್ಲರಿಗೂ ತಿಳಿದಿದೆ. ಅವನು ಯಾರಿಗೂ ಹೇಳಿಕೊಂಡಿಲ್ಲ. ಹಾಗೆ ಮೌನವಾಗಿ ಹೊರುವುದೂ ಒಂದು ದೊಡ್ಡತನ. ತಲೆಬಾಗಿ ಪ್ರಾರ್ಥಿಸೋಣ."

ಎಲ್ಲರೂ ತಲೆ ಬಾಗಿಸಿದರು. ಚುಕ್ಕಿ ಮಾತ್ರ ಹೊಸ ಕಣ್ಣಿನಿಂದ ಗಂಡನ ಕೈಯನ್ನೇ ನೋಡಿದಳು. ಆ ಕೈ ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರಿತ್ತು.

"ಕೈ ಬಿಡೋ," ಎಂದು ಹುಂಜ ಪಿಸುಗುಟ್ಟಿದ. "ಊಟಕ್ಕೆ ಬರ್ತೀನಿ ಅಂತ ಒಂದು ಸಾಲು ಬರೆಯೋಕಾಗಲಿಲ್ಲ, ಈಗ ಕಣ್ಣೀರು ಬೇರೆ."

"ಬರೆದ್ನಲ್ಲೋ! ಅವತ್ತೇ ಬರೆದೆ. ಏನು ತರಲಿ ಅಂತ ಇನ್ನೊಂದು ಸಲ ಬರೆದೆ. ಎಲ್ಲರೂ ಬರೆದಿದ್ದಾರೆ. ನೀನು ಯಾರಿಗೂ ಉತ್ತರ ಕೊಡಲಿಲ್ಲ. ಪಾಪ, ಬಿದ್ದ ಕೈಯಲ್ಲಿ ಹೇಗೆ ಬರೀತಾನೆ ಅಂದುಕೊಂಡ್ವಿ."

"ನಿನ್ನ ಹೆಸರಲ್ಲಿ ಏನೂ ಬಂದಿಲ್ಲ."

"ಕಂಪ್ಯೂಟರಲ್ಲಿ ಗರಗಸ ಅಂತ ಇರುತ್ತೇನೋ? ಹೊರೇಶಿಯೊ ಪೆರಿಗ್ರಿನ್ ಅಂತ ಇರುತ್ತೆ. ನನಗೆ ಆ ಹೆಸರು ಇಟ್ಟಿದ್ದೇ ನಿಮ್ಮಮ್ಮ, ಇದೇ ಚರ್ಚಿನಲ್ಲಿ, ಜ್ಞಾನಸ್ನಾನದ ದಿನ ನನ್ನನ್ನ ಎತ್ತಿಕೊಂಡು!"

ಗರಗಸನ ತೊಡೆಯ ಮೇಲಿದ್ದ ಬಲಗೈ ತಾನಾಗಿಯೇ ಮೇಲೆದ್ದು, ಹುಂಜನ ಹಣೆಗೆ ಚಟೀರೆಂದು ಬಡಿಯಿತು.

ಪ್ರಾರ್ಥನೆ ನಡುವೆಯೇ ನಿಂತಿತು. "ಕೈ ಬಂತು!" ಎಂದು ಗುಬ್ಬಿ ಅತ್ತೆ ಕೂಗಿದಳು. ಯಾರೋ ದೇವರಿಗೆ ಸ್ತೋತ್ರ ಎಂದರು. ಹಾರ್ಮೋನಿಯಂ ಮುಂದೆ ಕುಳಿತಿದ್ದವಳು ಅಳತೊಡಗಿದಳು. ಪಾದ್ರಿಗಳು ಎರಡೂ ಕೈ ಚಾಚಿದರು.

"ಹುಂಜ, ಎದ್ದು ನಿಂತು ಸಾಕ್ಷಿ ಹೇಳು. ಈ ವಾರ ದೇವರು ನಿನ್ನಲ್ಲಿ ಏನು ಮಾಡಿದನೆಂದು ಎಲ್ಲರೂ ಕೇಳಲಿ."

ಹುಂಜ ಎದ್ದು ನಿಂತ. ಸುಮ್ಮನೆ ತಲೆದೂಗಿದ್ದರೆ ಮರ್ಯಾದೆ ಉಳಿದು, ಪವಾಡಪುರುಷನಾಗಿ ಮನೆಗೆ ಹೋಗಬಹುದಿತ್ತು. ಆ ಯೋಚನೆ ಅವನಿಗೂ ಬಂತು. ಆದರೆ ಎದುರಿಗೆ ಶಿಲುಬೆ ಇತ್ತು, ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಿರುವ ಗರಗಸನಿದ್ದ, ಬೆಣ್ಣೆ ಸವರಿದ್ದನ್ನು ಕಂಡ ಹೆಂಡತಿ ಹಿಂದೆಯೇ ಇದ್ದಳು.

"ಕೈಗೆ ಏನೂ ಆಗಿರಲಿಲ್ಲ," ಎಂದ. "ನಿಮ್ಮೆಲ್ಲರ ಮೇಲೆ ಸಿಟ್ಟಾಗಿ ಎತ್ತಲಿಲ್ಲ. ನಿಮ್ಮ ಉತ್ತರಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿದ್ದೂ ಇದೇ ಕೈ. ಕಳ್ಳರು ಅಂದುಕೊಂಡೆ."

ಪಾದ್ರಿಗಳು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು.

"ಕೈ ಚೆನ್ನಾಗಿದೆಯಂತೆ. ಹಾಗಾದರೆ ಹುಂಜನ ತಲೆಗಾಗಿ ಪ್ರಾರ್ಥಿಸೋಣ."

ಅಷ್ಟು ದೊಡ್ಡ ಆಮೆನ್ ಆ ಚರ್ಚಿನಲ್ಲಿ ಹಿಂದೆಂದೂ ಕೇಳಿಬಂದಿರಲಿಲ್ಲ.

ಊಟಕ್ಕೆ ಎಲ್ಲರೂ ಬಂದರು. ಏನು ತರಬೇಕೆಂದು ಕೇಳಿ ಬರೆದವರಿಗೆ ಉತ್ತರ ಹೋಗಿರಲಿಲ್ಲವಲ್ಲ, ಹಾಗಾಗಿ ಪ್ರತಿಯೊಬ್ಬರೂ ಬಾಳೆಕಾಯಿ ತುರಿದು ಒಲೆಯಲ್ಲಿ ಬೇಯಿಸಿದ ಪಿಲ್ಹಿಯನ್ನೇ ತಂದಿದ್ದರು. ಮೇಜಿನ ತುಂಬ ಪಿಲ್ಹಿ, ನಡುವೆ ಒಂದು ಅನಾಥ ಕೋಳಿ. ಗರಗಸ ಕೋಳಿಯ ಕಾಲನ್ನು ಮುರಿದುಕೊಂಡು ಗೆಳೆಯನ ಪಕ್ಕ ಕುಳಿತ. ಹೊರೇಶಿಯೊ ಪೆರಿಗ್ರಿನ್ನನನ್ನು ಕಳ್ಳ ಎಂದದ್ದನ್ನು ಕ್ಷಮಿಸಿದೆ, ಅದು ನಿಮ್ಮಮ್ಮನ ತಪ್ಪು ಎಂದ. ಹುಂಜನ ಕಣ್ಣು ತುಂಬಿತು. ಎಲ್ಲ ಸುಖವಾಗಿ ಮುಗಿಯಿತೆಂದೇ ಅವನು ತಿಳಿದ.

ಆದರೆ ಹೊಸ ಟೆಲಿಫೋನ್ ಪುಸ್ತಕ ಬಂದಾಗ ಅದರಲ್ಲಿ ಹುಂಜ ಇರಲಿಲ್ಲ. ತನ್ನ ಹೆಸರು ಬಿಟ್ಟುಹೋಗಿದೆಯೆಂದು ಜಗಳಕ್ಕೆ ಹೊರಟವನನ್ನು ಚುಕ್ಕಿ ತಡೆದು, ಹಿಂದಿನ ಪುಟ ತಿರುವಿ ತೋರಿಸಿದಳು. ನಂಬರು ಅವರದೇ. ಅದರ ಎದುರು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: ಕಸದಬುಟ್ಟಿ.